ಕಾರ್ಖಾನೆಗಳ ಡೇಟಾ ವಿದೇಶಿ ತಂಡಕ್ಕೆ ಕೊಡೋದು ಹೇಗೆ? (ಪ್ರಶ್ನೋತ್ತರ)

ಅಡ್ಮಿನ್: ಇವತ್ತಿನ ವಿಷಯ: ಹಲವು ದೇಶಗಳ ಕಂಪನಿವಾರು ಡೇಟಾ ಇಟ್ಟುಕೊಂಡು ಉತ್ಪಾದಕತೆ ಅಳೆಯುವುದು. ಉತ್ತರಿಸುವವರು ಕೈಗಾರಿಕಾ ಸಮೀಕ್ಷೆಗಳ ಮೇಲೆ ಕೆಲಸ ಮಾಡುವ ಅರ್ಥಶಾಸ್ತ್ರಜ್ಞೆ.

ಕರಾವಳಿ ಲೆಕ್ಕ: ಮೇಡಂ, ವಾರ್ಷಿಕ ಕೈಗಾರಿಕಾ ಸಮೀಕ್ಷೆ, ಅಂದರೆ ಎಎಸ್‌ಐನ ಯೂನಿಟ್ ಮಟ್ಟದ ಡೇಟಾ ಎಲ್ಲಿ ಸಿಗುತ್ತೆ? ದುಡ್ಡು ಕೊಡಬೇಕಾ?

ತಜ್ಞೆ: ಕೇಂದ್ರ ಸಾಂಖ್ಯಿಕ ಸಚಿವಾಲಯದ ಮೈಕ್ರೋಡೇಟಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಳ್ಳಿ, ಉಚಿತ. ಮಲ್ಟಿಪ್ಲಯರ್ ಕಾಲಂ (ಸಮೀಕ್ಷೆಯ ಒಂದು ಕಾರ್ಖಾನೆ ಎಷ್ಟು ಕಾರ್ಖಾನೆಗಳ ಪರವಾಗಿ ನಿಲ್ಲುತ್ತೆ ಅನ್ನೋ ಸಂಖ್ಯೆ) ಮರೆಯಬೇಡಿ. ಅದನ್ನು ಬಿಟ್ಟರೆ ಸಣ್ಣ ಕಾರ್ಖಾನೆಗಳ ತೂಕ ಕಳೆದುಹೋಗಿ ದೊಡ್ಡವರ ಸರಾಸರಿಯೇ ಬರುತ್ತೆ.

ಪೀಣ್ಯ ಪಿಎಚ್‌ಡಿ: ಗೋಪ್ಯವಾಗಿ ಇಡ್ತೀವಿ ಅಂತ ಬರೆದುಕೊಟ್ಟು ಮೆಷಿನ್ ಟೂಲ್ ಕಂಪನಿಗಳಿಂದ ಲೆಕ್ಕಪತ್ರ ಪಡೆದಿದ್ದೀವಿ. ಜರ್ಮನಿಯ ಪಾಲುದಾರ ತಂಡ ಈಗ ಇಡೀ ಫೈಲ್ ಕೇಳ್ತಿದೆ. ಹೆಸರು ಅಳಿಸಿ, ಪ್ಯಾನ್ ಹ್ಯಾಶ್ ಮಾಡಿ (ಸೂತ್ರದಿಂದ ಗುರುತು ಸಿಗದ ಅಕ್ಷರಸಾಲಾಗಿ ಬದಲಿಸಿ) ಡ್ರೈವ್‌ಗೆ ಹಾಕಿದರೆ ಸಾಕು ಅಂತ ಒಂದು ಮೆಸೇಜ್ ಓಡಾಡ್ತಿದೆ. ಸರಿನಾ ಮೇಡಂ?

ತಜ್ಞೆ: ದಯವಿಟ್ಟು ಕಳಿಸಬೇಡಿ. ಆ ಮೆಸೇಜ್ ಬರೆದವರು ಪ್ಯಾನ್ ಹೇಗಿರುತ್ತೆ ಅಂತ ನೋಡೇ ಇಲ್ಲ. ಕಂಪನಿಯ ಪ್ಯಾನ್‌ನಲ್ಲಿ ಮೊದಲು ಮೂರು ಅಕ್ಷರ, ನಾಲ್ಕನೆಯದು ಯಾವಾಗಲೂ ಸಿ, ಐದನೆಯದು ಕಂಪನಿ ಹೆಸರಿನ ಮೊದಲ ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಎಲ್ಲ ಸೇರಿ ಸುಮಾರು 11,900 ಕೋಟಿ ಸಾಧ್ಯತೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವವರು ಅಷ್ಟನ್ನೂ ಹ್ಯಾಶ್ ಮಾಡಿ, ತಾಳೆ ನೋಡಿ, ಮೂಲ ಪ್ಯಾನ್ ನಿಮಿಷಗಳಲ್ಲಿ ಹೊರಗೆ ತೆಗೀತಾರೆ. ಹ್ಯಾಶ್ ಮಾಡುವಾಗ ಗುಟ್ಟಿನ ಕೀ ಸೇರಿಸಿದರೂ ಗೋಪ್ಯತೆ ಪೂರ್ತಿ ಉಳಿಯಲ್ಲ: ಕಂಪನಿಗಳು ಸಲ್ಲಿಸುವ ವಾರ್ಷಿಕ ಲೆಕ್ಕಪತ್ರವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ವಹಿವಾಟಿನ ಮೊತ್ತ ರೂಪಾಯಿಗೆ ರೂಪಾಯಿ ಹೊಂದಿದರೆ ಹೆಸರು ಸಿಕ್ಕಿತು ಅಂತಲೇ.

ಡೇಟಾ ನಿಮ್ಮಲ್ಲೇ ಇರಲಿ, ಕೋಡ್ ಓಡಾಡಲಿ. ಯುರೋಪಿನ ಕಾಂಪ್‌ನೆಟ್, ಒಇಸಿಡಿಯ ಮಲ್ಟಿಪ್ರಾಡ್ ಎಂಬ ಹಲವು ದೇಶಗಳ ಉತ್ಪಾದಕತೆ ಯೋಜನೆಗಳು ನಡೆಯೋದು ಹೀಗೆಯೇ. ಮೊದಲು ಕಾಲಂಗಳ ಹೆಸರು, ಅಳತೆ, ಲೆಕ್ಕದ ವರ್ಷ ಎರಡೂ ಕಡೆ ಒಂದೇ ಮಾಡಿ. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಅವರಲ್ಲಿ ಹೆಚ್ಚಾಗಿ ಜನವರಿಯಿಂದ ಡಿಸೆಂಬರ್. ಅದೇ ಕಾಲಂಗಳಿರುವ ಸುಳ್ಳು ಡೇಟಾ ಮಾಡಿ ಅವರಿಗೆ ಕೊಡಿ. ಅದರ ಮೇಲೆ ಅವರು ಕೋಡ್ ಬರೆದು ಕಳಿಸಲಿ, ಇಂಟರ್ನೆಟ್ ಇಲ್ಲದ ಯಂತ್ರದಲ್ಲಿ ನೀವು ಓಡಿಸಿ. ಹೊರಗೆ ಹೋಗೋದು ಸಾರಾಂಶ ಮಾತ್ರ. ಪ್ರತಿ ಕೋಷ್ಟಕದ ಪ್ರತಿ ಮನೆಯಲ್ಲೂ ಕನಿಷ್ಠ 10 ಕಂಪನಿ ಇರಲಿ, ಒಂದೇ ಕಂಪನಿ ಮೊತ್ತದ ಬಹುಪಾಲು ನುಂಗಿದ್ದರೆ ಆ ಮನೆ ಖಾಲಿ ಬಿಡಿ. ಗರಿಷ್ಠ, ಕನಿಷ್ಠ ಕೊಡಲೇಬೇಡಿ. 90ನೇ ಪರ್ಸೆಂಟೈಲ್ ಬೇಕಂದರೆ ಅದರ ಆಚೀಚೆಯ ಕೆಲವು ಕಂಪನಿಗಳ ಸರಾಸರಿ ಕೊಡಿ. ಬಿಟ್ಟ ಮನೆಯ ಮೊತ್ತವನ್ನು ಒಟ್ಟು ಮೊತ್ತದಿಂದ ಕಳೆದು ಹಿಡಿಯೋಕಾಗುತ್ತಾ ಅಂತಲೂ ನೋಡಿ. ಹಾಗೆ ಹಿಡಿಯೋಕಾದರೆ ಇನ್ನೊಂದು ಮನೆಯನ್ನೂ ಮುಚ್ಚಬೇಕು.

ಹುಬ್ಬಳ್ಳಿ ಹುಡುಗ: ಎಎಸ್‌ಐ ಜತೆ ಚೀನಾ ಡೇಟಾ ನೇರ ಹೋಲಿಸಬಹುದಾ?

ತಜ್ಞೆ: ಆಗಲ್ಲ. ನಮ್ಮದು ಕಾರ್ಖಾನೆ ಲೆಕ್ಕ: ವಿದ್ಯುತ್ ಇದ್ದರೆ 10, ಇಲ್ಲದಿದ್ದರೆ 20 ಕಾರ್ಮಿಕರಿಂದ ಮೇಲೆ. ಅವರದು ಕಂಪನಿ ಲೆಕ್ಕ: ಖಾಸಗಿಯವರಿಗೆ 50 ಲಕ್ಷ ಯುವಾನ್ ಮಾರಾಟದಿಂದ ಮೇಲೆ, 2011ರಿಂದ 2 ಕೋಟಿ. ಆ ವರ್ಷ ಸಣ್ಣ ಕಂಪನಿಗಳು ಮುಚ್ಚಿದಂತೆ ಕಾಣೋದು ಈ ಗೆರೆ ಮೇಲೆ ಹೋದದ್ದರಿಂದ. ಎರಡೂ ಕಡೆ ಒಂದೇ ಗಾತ್ರದ ಮಿತಿ ಹಾಕಿ. ಕಾಂಪ್‌ನೆಟ್ ಕೂಡ 20 ನೌಕರರಿಂದ ಮೇಲಿನವರ ಆವೃತ್ತಿಯನ್ನು ಬೇರೆಯಾಗಿ ಕೊಡುತ್ತೆ.

ಅಂಕಿಸಂಖ್ಯೆ: ಇಷ್ಟೆಲ್ಲ ಯಾಕೆ? ಅರ್ಥಶಾಸ್ತ್ರಜ್ಞರಾದ ಹ್ಸಿಯೆ, ಕ್ಲೆನೋ 2009ರಲ್ಲೇ ಹೇಳಿಯಾಗಿದೆ. ಬಂಡವಾಳ, ಕಾರ್ಮಿಕರು ಅಮೆರಿಕದಷ್ಟು ಸರಿಯಾಗಿ ಹಂಚಿಕೆಯಾದರೆ ಭಾರತದ ತಯಾರಿಕಾ ವಲಯದ ಟಿಎಫ್‌ಪಿ (ಬಂಡವಾಳ, ಕಾರ್ಮಿಕರು ಎಲ್ಲ ಸೇರಿದ ಒಟ್ಟಾರೆ ಉತ್ಪಾದಕತೆ) 40–60% ಏರುತ್ತೆ. ನಮ್ಮ ಕಾರ್ಖಾನೆಗಳು ಹಿಂದೆ ಬಿದ್ದಿವೆ, ಅಷ್ಟೇ.

ಹಾಲೆ ಕನ್ನಡಿಗ: ಅಷ್ಟೇ ಅಲ್ಲ. ಅಮೆರಿಕದ ಸೆನ್ಸಸ್ ಬ್ಯೂರೋ ಖಾಲಿ ಬಿಟ್ಟ, ಅನುಮಾನ ಬರುವ ಉತ್ತರಗಳನ್ನು ತಿದ್ದಿ ತುಂಬಿಸಿ ಕೊಡುತ್ತೆ. ಆ ಮಟ್ಟದ ತಿದ್ದುಪಡಿ ಎಎಸ್‌ಐಗೆ ಇಲ್ಲ. ನೀವು ಹೇಳೋ ಅಂತರದಲ್ಲಿ ತಿದ್ದುಪಡಿಯ ಪಾಲು ಎಷ್ಟು ಅಂತ ಮೊದಲು ಬೇರ್ಪಡಿಸಿ.

ಅಂಕಿಸಂಖ್ಯೆ: ಅಂಕಿಗಳ ಮೇಲ್ತುದಿ, ಕೆಳತುದಿಯಲ್ಲಿ 1% ಕತ್ತರಿಸಿದರೆ ಅದೆಲ್ಲ ಹೋಗುತ್ತೆ ಸರ್. ಎಲ್ಲರೂ ಮಾಡ್ತಾರೆ.

ಹಾಲೆ ಕನ್ನಡಿಗ: ತುದಿ ಕತ್ತರಿಸಿದರೆ ನಡುವೆ ಇರೋ ತಪ್ಪು ಹೋಗುತ್ತಾ? ಸಾವಿರದಲ್ಲಿ ಬರೆಯಬೇಕಾದ್ದನ್ನು ಲಕ್ಷದಲ್ಲಿ ಬರೆದ ದೊಡ್ಡ ಕಾರ್ಖಾನೆ ಮಧ್ಯದಲ್ಲೇ ಕೂತಿರುತ್ತೆ. ಓದಿಕೊಂಡು ಬನ್ನಿ.

ಅಂಕಿಸಂಖ್ಯೆ: ಜರ್ಮನಿಯ ಹಾಲೆಯಲ್ಲಿ ಕೂತು ಪಾಠ ಹೇಳೋದು ಸುಲಭ.

ಮಲೆನಾಡು ಮಾಪಕ: ಮೇಡಂ, ಉದ್ಯಮಗಳ ವರ್ಗೀಕರಣಕ್ಕೆ ಬಳಸುವ 2004ರ ಎನ್‌ಐಸಿ ಕೋಡ್‌ಗಳನ್ನು 2008ರದಕ್ಕೆ ಜೋಡಿಸುವಾಗ ಒಂದು ಕೋಡ್ ಮೂರಾಗಿ ಒಡೆದರೆ ಏನು ಮಾಡೋದು?

ಹೊಸಬ: ಎಎಸ್‌ಐ ಡೇಟಾ ಫ್ರೀನಾ? ಲಿಂಕ್ ಪ್ಲೀಸ್.

ತಜ್ಞೆ: ಮೇಲೆ ಇದೆ.

ಕರಾವಳಿ ಲೆಕ್ಕ: ಆರ್ಬಿಸ್ (ಹಲವು ದೇಶಗಳ ಕಂಪನಿ ಲೆಕ್ಕಗಳ ಡೇಟಾಬೇಸ್) ಒಂದು ಸಲ ಡೌನ್‌ಲೋಡ್ ಮಾಡಿಕೊಂಡರೆ ಹತ್ತು ವರ್ಷದ್ದು ಸಾಕಾಗುತ್ತಾ?

ತಜ್ಞೆ: ಇಲ್ಲ. ವರದಿ ನಿಲ್ಲಿಸಿದ ಕಂಪನಿಗಳನ್ನು ಕೆಲವು ವರ್ಷಗಳ ಮೇಲೆ ತೆಗೆದುಬಿಡ್ತಾರೆ. ಉಳಿದವರನ್ನೇ ನೋಡಿದರೆ ಉತ್ಪಾದಕತೆ ಹೆಚ್ಚಿಗೆ ಕಾಣುತ್ತೆ. ಹಳೆಯ ಆವೃತ್ತಿಗಳನ್ನು ಒಂದರ ಮೇಲೊಂದು ಜೋಡಿಸಿ.

ಹೊಸಬ: ಮೇಲೆ ಎಲ್ಲಿ? ಒಂದು ಲಿಂಕ್ ಹಾಕೋಕೆ ಏನು ಕಷ್ಟ?

ಅಡ್ಮಿನ್: ಮೊದಲ ಉತ್ತರ ಓದಿ ಸ್ವಾಮಿ. ಹಾಲೆಯವರು, ಅಂಕಿಸಂಖ್ಯೆಯವರು ಬೇರೆ ಕಡೆ ಜಗಳ ಮುಂದುವರಿಸಿ.

ಮಲೆನಾಡು ಮಾಪಕ: ನನ್ನ ಎನ್‌ಐಸಿ ಪ್ರಶ್ನೆ?

ಪೀಣ್ಯ ಪಿಎಚ್‌ಡಿ: ಮೇಡಂ, ಪಾಲುದಾರರು ಒಪ್ಪಿದರು. ಫೈಲ್ ಬೇಡ, ಕೋಡ್ ಓಡಿಸಿದ ಲಾಗ್ (ಓಡುವಾಗ ಪರದೆಯಲ್ಲಿ ಬಂದದ್ದರ ದಾಖಲೆ) ಕಳಿಸಿ ಅಂದರು. ಲಾಗ್ ಆದರೆ ತೊಂದರೆ ಇಲ್ಲ ಅಲ್ವಾ?

ತಜ್ಞೆ: ಸಾಲುಸಾಲಾಗಿ ಓದದೆ ಅದನ್ನೂ ಕಳಿಸಬೇಡಿ. ಕೋಡ್‌ನಲ್ಲಿ ಎಲ್ಲೋ ಒಂದು ಲಿಸ್ಟ್ ಕಮಾಂಡ್ ಉಳಿದಿದ್ದರೆ ಮೂಲ ಸಾಲುಗಳು ಲಾಗ್‌ನಲ್ಲಿ ಅಚ್ಚಾಗಿರುತ್ತವೆ. ರಿಗ್ರೆಷನ್‌ನಲ್ಲಿ ಯಾವುದಾದರೂ ಡಮ್ಮಿಗೆ (ಕಂಪನಿ ಒಂದು ವರ್ಗಕ್ಕೆ ಸೇರಿದ್ದರೆ 1, ಇಲ್ಲದಿದ್ದರೆ 0 ಎಂದು ಗುರುತಿಸುವ ಕಾಲಂ) ಒಂದೇ ಕಂಪನಿ ಇದ್ದರೆ, ಆ ಡಮ್ಮಿಯ ಗುಣಾಂಕದಿಂದಲೇ ಆ ಕಂಪನಿಯ ಅಂಕಿ ಲೆಕ್ಕ ಹಾಕಬಹುದು. ಪ್ರತಿ ಡಮ್ಮಿಯಲ್ಲಿ ಎಷ್ಟು ಕಂಪನಿ ಇವೆ ಅಂತ ಎಣಿಸಿ, 10ಕ್ಕಿಂತ ಕಡಿಮೆ ಇದ್ದದ್ದನ್ನು ಪಕ್ಕದ ವರ್ಗಕ್ಕೆ ಸೇರಿಸಿ ಮತ್ತೆ ಓಡಿಸಿ. ಆ ಹೊಸ ಲಾಗ್‌ನಿಂದ ಕೋಷ್ಟಕಗಳನ್ನಷ್ಟೇ ಬೇರೆ ಫೈಲ್‌ಗೆ ಹಾಕಿ, ಅದನ್ನು ಕಳಿಸಿ.