ಅಪ್‌ಡೇಟ್: ಸ್ಪ್ಲೆಂಡರ್ ಪ್ಲಸ್‌ಗೆ ಕಾರಿನ ಆಯಿಲ್ ಹಾಕಬಹುದಾ?

ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲ್ ಬೈಕಿಗೆ ನಡೆಯುತ್ತಾ, ಆಯಿಲ್ ಫಿಲ್ಟರ್ ಯಾವುದು ತರಲಿ ಅಂತ ಕೇಳಿದ್ದೆ. ಎರಡೂ ಇತ್ಯರ್ಥವಾಯಿತು.

ಕಾರಿನ ಆಯಿಲ್ ಬೇಡವೇ ಬೇಡ. ಈ ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲಲ್ಲಿ ಮುಳುಗಿರುತ್ತವೆ. ಮೈಲೇಜಿಗೆಂದು ಕಾರಿನ ಆಯಿಲಿಗೆ ಸೇರಿಸುವ ಜಾರಿಕೆ ಅಂಶದಿಂದ ಕ್ಲಚ್ ಪ್ಲೇಟ್ ಜಾರುತ್ತದೆ: ಆಕ್ಸಿಲರೇಟರ್ ತಿರುವಿದರೆ ಸದ್ದು ಏರುತ್ತೆ, ಗಾಡಿಯ ವೇಗ ಏರಲ್ಲ. ಡಬ್ಬಿ ಮೇಲೆ 10ಡಬ್ಲ್ಯೂ-30 (ಆಯಿಲಿನ ಮಂದತೆಯ ದರ್ಜೆ) ಜೊತೆಗೆ ‘ಜಾಸೋ ಎಂಎ’ ಅಥವಾ ‘ಎಂಎ2’ (ಬೈಕ್ ಆಯಿಲಿನ ಜಪಾನಿ ಗುಣಮಟ್ಟದ ಗುರುತು) ಇರಬೇಕು. ‘ಎಂಬಿ’ ಇದ್ದರೆ ಅದು ಗೇರಿಲ್ಲದ ಸ್ಕೂಟರಿನದು.

ಫಿಲ್ಟರ್ ತರುವ ಕೆಲಸವೇ ಇಲ್ಲ. ಬದಲಿಸುವ ಪೇಪರ್ ಆಯಿಲ್ ಫಿಲ್ಟರ್ ಇದರಲ್ಲಿಲ್ಲ. ಬಲಗಡೆ ಕವರ್ ಒಳಗೆ ಜಾಲರಿ ಮತ್ತು ತಿರುಗುವ ಫಿಲ್ಟರ್ ಇವೆ. ಕವರ್ ಬಿಚ್ಚಿದಾಗ ತೊಳೆದರಾಯಿತು, ಆದರೆ ಗ್ಯಾಸ್ಕೆಟ್ (ಕವರ್ ಸಂದಿಯಲ್ಲಿ ಆಯಿಲ್ ಸೋರದಂತೆ ಇಡುವ ಪಟ್ಟಿ) ಹೊಸದು ಬೇಕು.

ಆಯಿಲ್ ಬದಲಿಸುವಾಗ ಎಂಜಿನ್ ಬೆಚ್ಚಗಿರಲಿ, ಗಾಡಿ ಸೆಂಟರ್ ಸ್ಟ್ಯಾಂಡಲ್ಲಿರಲಿ. ಹಳೆ ಆಯಿಲ್ ಇಳಿಸುವ ಡ್ರೇನ್ ಬೋಲ್ಟಿನ ವಾಷರ್ ಹಳೆಯದಾಗಿದ್ದರೆ ಹೊಸದು ಹಾಕಿ. ಬೋಲ್ಟ್ ಮೇಲೆ ಜೋರು ತೋರಿಸಬೇಡಿ, ಅಲ್ಯೂಮಿನಿಯಂ ಥ್ರೆಡ್ ಕಿತ್ತರೆ ಆಯಿಲ್ ಉಳಿಸಿದ ದುಡ್ಡೆಲ್ಲ ಲೇತ್ ಅಂಗಡಿಗೆ. ಹೊಸ ಆಯಿಲ್ ಹಾಕಿ ಎರಡು-ಮೂರು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ, ಆಫ್ ಮಾಡಿ, ಅಷ್ಟೇ ಹೊತ್ತು ಬಿಟ್ಟು ಮಟ್ಟ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ನೋಡಿ. ಕಡ್ಡಿಯನ್ನು ತಿರುಗಿಸದೆ ಸುಮ್ಮನೆ ಒಳಗಿಟ್ಟು ತೆಗೆಯಬೇಕು. ತಿರುಗಿಸಿದರೆ ಮಟ್ಟ ಜಾಸ್ತಿ ತೋರಿಸುತ್ತದೆ.

ಬಣ್ಣ ಕಪ್ಪಾದ ಮಾತ್ರಕ್ಕೆ ಬದಲಿಸಬೇಕಿಲ್ಲ, ಮಸಿ ಹಿಡಿದಿಡುವುದೇ ಆಯಿಲಿನ ಕೆಲಸ. ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ, ಪೆಟ್ರೋಲ್ ವಾಸನೆ ಜೋರಾಗಿದ್ದರೆ ಆಯಿಲಿಗೆ ಪೆಟ್ರೋಲ್ ಸೇರಿದೆ, ಹಳೆಯ ಕಾರ್ಬ್ಯುರೇಟರ್ ಮಾಡೆಲ್ ಆದರೆ ಕಾರ್ಬ್ಯುರೇಟರ್ ಸೋರುತ್ತಿರಬಹುದು. ಆಗ ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಿ.