ಕಂಪ್ಯೂಟರ್ ‘ಬೂಟ್ ಆಗುತ್ತಿಲ್ಲ’: ಬೋರ್ಡಿಗೆ ಪದ ಬೇಕು, ಸಂಜೆಯೊಳಗೆ

ಗಂಗಾವತಿಯಿಂದ, ಶನಿವಾರ ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿದೆ, ಸ್ವಲ್ಪ ಅವಸರ. ನನ್ನ ತಮ್ಮ ಇಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೊಸ ಬೋರ್ಡು ಮಾಡಿಸುತ್ತಿದ್ದೇವೆ. ಫ್ಲೆಕ್ಸಿನವರು ಸಂಜೆ 6 ಗಂಟೆಯೊಳಗೆ ಮ್ಯಾಟರ್ ಕಳಿಸಿ ಅಂದಿದ್ದಾರೆ.

ಹಳೇ ಬೋರ್ಡಿನಲ್ಲಿ ‘ಇಲ್ಲಿ ಬೂಟ್ ಸಮಸ್ಯೆ ಸರಿಪಡಿಸಲಾಗುವುದು’ ಅಂತ ಇತ್ತು. ಹೋದ ಜೂನಿನಲ್ಲಿ ಒಬ್ಬ ತಾಯಿ ಮಗನ ಶಾಲೆ ಬೂಟು ಹಿಡ್ಕೊಂಡು ಬಂದು, ಅಡಿ ಕಿತ್ತುಹೋಗಿದೆ, ಹೊಲಿಗೆಗೆ ಎಷ್ಟು ಅಂತ ಕೇಳಿದರಂತೆ. ಅವತ್ತಿನಿಂದ ತಮ್ಮನಿಗೆ ಆ ಪದದ ಮೇಲೆ ಸಿಟ್ಟು.

‘ಆನ್ ಆಗುತ್ತಿಲ್ಲ’ ಅಂತ ಬರೆದರೆ ಆಯ್ತಲ್ಲ ಅನ್ನಬೇಡಿ. ಅಂಗಡಿಗೆ ಬರುವ ಕಾಯಿಲೆಗಳು ಬೇರೆ ಬೇರೆ. ಒಂದು, ಬಟನ್ ಒತ್ತಿದರೂ ಸುಮ್ಮನೆ ಕೂತಿರುತ್ತದೆ, ಫ್ಯಾನ್ ಕೂಡ ತಿರುಗುವುದಿಲ್ಲ. ಆಗ ಮೊದಲ ಗುಮಾನಿ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮೇಲೆ. ಇನ್ನೊಂದು, ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಕೆಲವು ಸಲ ಬೀಪ್ ಬೀಪ್ ಅನ್ನುತ್ತದೆ. ಇದು ಹೆಚ್ಚಾಗಿ ಮೆಮೊರಿಯ, ಅಂದರೆ ರ‍್ಯಾಮ್‌ನ ತಕರಾರು. ನಮ್ಮೂರಲ್ಲಿ ಅಕ್ಕಿ ಗಿರಣಿಗಳ ಧೂಳು ಗೊತ್ತಲ್ಲ. ರ‍್ಯಾಮ್ ಬಿಚ್ಚಿ, ಅದರ ಹಳದಿ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಮೂರನೆಯದು, ಕಂಪನಿ ಗುರುತು ಬರುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಮತ್ತೆ ಮೊದಲಿಂದ ಶುರು. ಇದಕ್ಕೆ ಹಾರ್ಡ್‌ಡಿಸ್ಕ್ ಕಾರಣ ಇರಬಹುದು, ವಿಂಡೋಸ್ ಕೆಟ್ಟಿರಬಹುದು. ತಮ್ಮ ‘ಬೂಟ್ ಆಗುತ್ತಿಲ್ಲ’ ಅನ್ನುವುದು ಈ ಮೂರನೆಯದಕ್ಕೆ.

ಬೋರ್ಡಿನ ಜೊತೆಗೆ ಗಿರಾಕಿಗಳಿಗೆ ಕೊಡುವ ಒಂದು ಚೀಟಿಯೂ ಇದೆ. ಯಾವ ಕಾಯಿಲೆ ಅಂತ ಅವರೇ ಗುರುತು ಹಾಕಬೇಕು. ಅದಕ್ಕೇ ಪದ ಬೇರೆ ಬೇರೆ ಬೇಕು.

ಬಳ್ಳಾರಿಯಿಂದ, 10.05

ಗಣಕಯಂತ್ರವು ಪ್ರಾರಂಭವಾಗುತ್ತಿಲ್ಲ. ಮುಗಿಯಿತು. ಇದಕ್ಕೆ ಚರ್ಚೆ ಯಾಕೆ?

ಗಂಗಾವತಿಯಿಂದ, 10.12

ಸರ್, ‘ಪ್ರಾರಂಭ’ ಮೂರಕ್ಕೂ ಆಗುತ್ತದೆ. ನನ್ನ ತೊಂದರೆಯೇ ಅದು.

ಕೊಪ್ಪಳದಿಂದ, 10.50

‘ಪ್ರಾರಂಭ’ ಸಂಸ್ಕೃತ, ‘ಗಣಕಯಂತ್ರ’ ಎರಡು ಸಲ ಸಂಸ್ಕೃತ. ಕನ್ನಡದಲ್ಲಿ ಪದ ಕೇಳಿದರೆ ಕನ್ನಡದಲ್ಲಿ ಹೇಳಬೇಕು. ‘ಏಳು’ ಅನ್ನುವ ಚೆಂದದ ಕ್ರಿಯಾಪದ ನಮ್ಮಲ್ಲಿದೆ. ಹಳಗನ್ನಡದಲ್ಲಿ ಏೞ್. ಅದರಿಂದ ಎೞ್ಬಿಸು, ಅದೇ ಇವತ್ತಿನ ಎಬ್ಬಿಸು. ಮಲಗಿದ್ದು ಏಳುತ್ತದೆ, ನಾವು ಎಬ್ಬಿಸುತ್ತೇವೆ. ಯಂತ್ರಕ್ಕೂ ಅಷ್ಟೇ. ಕಂಪ್ಯೂಟರಿಗೆ ‘ಎಣ್ಣುಕ’ ಅಂತ ಪದ ಬಳಕೆಯಲ್ಲಿದೆ. ‘ಎಣ್ಣುಕ ಏಳುತ್ತಿಲ್ಲ’ ಅಂತ ಬರೆಸಿ. 9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಯಾವುದು ಅಂತ ಹೇಳುವಾಗ ಕೊಪಣವನ್ನು, ಅಂದರೆ ನಮ್ಮ ಕೊಪ್ಪಳವನ್ನು, ಹೆಸರು ಹಿಡಿದು ಹೇಳಿದೆ. ಆ ಕೊಪಣದ ಮಗ್ಗುಲಲ್ಲೇ ಇರುವ ಗಂಗಾವತಿಯವರು ಒಂದು ಬೋರ್ಡಿಗೆ ಹೀಗೆ ಒದ್ದಾಡಬಾರದು.

ಸಿಂಧನೂರಿನಿಂದ, 11.02

‘ಕಂಪ್ಯೂಟರ್ ಏಳಲ್ಲ’ ಅಂತ ಬರೆಸಿ ನೋಡಿ. ‘ಹಾಗಾದ್ರೆ ಎಂಟಾ?’ ಅಂತ ಕೇಳುತ್ತಾರೆ.

ಇನ್ನು ಎಣ್ಣುಕ. ನಮ್ಮ ಕಡೆ ಎಣ್ಣೆ ಗಾಣ ಅಂದ್ಕೊಂಡು ಶೇಂಗಾ ಚೀಲ ಇಳಿಸುತ್ತಾರೆ.

ಕೊಪ್ಪಳದಿಂದ, 11.20

ನಗೆಯಾಡುವುದು ಸುಲಭ. ಅಂಕಿಯ ಏಳಕ್ಕೂ ಮೇಲೇಳುವ ಏಳಕ್ಕೂ ಹಳಗನ್ನಡದಲ್ಲೇ ೞಕಾರ. ಸಾವಿರ ವರ್ಷದಿಂದ ಜೊತೆಗಿವೆ, ಯಾರಿಗೂ ಗೊಂದಲ ಆಗಿಲ್ಲ. ‘ಮಗು ಏಳಲ್ಲ’ ಅಂದರೆ ಯಾವ ತಾಯಿಯೂ ಎಣಿಸಲು ಕೂರುವುದಿಲ್ಲ.

ರಾಯಚೂರಿನಿಂದ, 11.45

ಗಂಗಾವತಿಯವರಿಗೆ: ನಿಮ್ಮ ಗಿರಾಕಿ ಬಾಗಿಲಲ್ಲಿ ನಿಂತು ಮೊದಲು ಏನು ಅನ್ನುತ್ತಾರೆ? ‘ಸಿಸ್ಟಮ್ ಚಾಲೂ ಆಗವಲ್ದು’ ಅನ್ನುತ್ತಾರೆ. ಅದನ್ನೇ ಬರೆಸಿ. ಪದ ಹುಡುಕಲು ಕೊಪಣಕ್ಕೆ ಹೋಗಬೇಕಿಲ್ಲ, ಅಂಗಡಿ ಕಟ್ಟೆ ಸಾಕು.

ಕೊಪ್ಪಳದಿಂದ, 11.51

ಚಾಲೂ ಹಿಂದಿ. ಬೇಡ.

ರಾಯಚೂರಿನಿಂದ, 12.40

‘ಬೇಡ’ ಅನ್ನಲು ನೀವ್ಯಾರು ಮೇಷ್ಟ್ರೇ? ಮಂತ್ರಿಗಳು ಬಂದು ದೀಪ ಹಚ್ಚಿದರೆ ‘ಕಾರ್ಯಕ್ರಮಕ್ಕೆ ಚಾಲನೆ’ ಅಂತ ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕೆ ನೀವು ತಕರಾರು ತೆಗೆದದ್ದು ನಾನು ನೋಡಿಲ್ಲ. ಚಾಲನೆಯೂ ಚಾಲೂನೂ ಒಂದೇ ಮನೆಯ ಮಕ್ಕಳು, ಇಬ್ಬರದೂ ‘ಚಲ್’ ಬೇರು. ಒಬ್ಬ ಪುಸ್ತಕದ ದಾರಿಯಲ್ಲಿ ಬಂದ, ಇನ್ನೊಬ್ಬ ಸಂತೆ ದಾರಿಯಲ್ಲಿ ಬಂದ. ಪುಸ್ತಕದವನಿಗೆ ಮಣೆ, ಸಂತೆಯವನಿಗೆ ಹೊಸ್ತಿಲು. ಇದು ಕನ್ನಡದ ಮೇಲಿನ ಪ್ರೀತಿ ಅಲ್ಲ, ಮಾತಾಡುವವರ ಮೇಲಿನ ತಾತ್ಸಾರ.

ನಾವು 1948ರವರೆಗೆ ನಿಜಾಮರ ಕೈಕೆಳಗೆ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದವರು. ಕಚೇರಿ ಉರ್ದುವಿನಲ್ಲಿ ನಡೆಯಿತು. ಅರ್ಜಿ, ನಕಲು, ಅಸಲು, ಜಮಾ, ಖರ್ಚು, ವಸೂಲಿ, ದುರಸ್ತಿ, ಬಂದ್. ಇವನ್ನೆಲ್ಲ ಕಿತ್ತರೆ ನಮ್ಮಜ್ಜಿ ಸಂತೆಗೆ ಹೋಗಿ ಕೈಸನ್ನೆ ಮಾಡಬೇಕು. ಬಳ್ಳಾರಿಯವರು ಮದ್ರಾಸಿನ ಕಡೆ ಇದ್ದು 1953ರಲ್ಲಿ ಮೈಸೂರಿಗೆ ಸೇರಿದರು, ಅವರ ಸಾಲದ ಖಾತೆ ಬೇರೆ. ನಮ್ಮದು ನಮಗೆ.

ಇನ್ನೂ ಹಿಂದಕ್ಕೆ ಹೋಗೋಣವೇ? ನಮ್ಮ ಮಸ್ಕಿಯ ಬಂಡೆ ಮೇಲೆ ಅಶೋಕ ಬರೆಸಿದ್ದು ಪ್ರಾಕೃತದಲ್ಲಿ. 1915ರಲ್ಲಿ ಸಿಕ್ಕಿತು, ಅವನ ಹೆಸರೇ ಅದರಲ್ಲಿದೆ. ಹೊರಗಿನ ಮಾತಿನ ಬೋರ್ಡು ನಮ್ಮ ಊರಿಗೆ ಹೊಸದೇನಲ್ಲ.

(ಕರೆಂಟ್ ತಯಾರಾಗುವ ಶಕ್ತಿನಗರ ಇಲ್ಲೇ ಪಕ್ಕದಲ್ಲಿದೆ, ಆದರೂ ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಕರೆಂಟ್ ಹೋಯಿತು. ನನ್ನ ಸಿಸ್ಟಮ್ ಎರಡು ಸಲವೂ ಚಾಲೂ ಆಯಿತು, ಹಿಂದಿಯಲ್ಲಿ.)

ಕೊಪ್ಪಳದಿಂದ, 1.15

ಅಶೋಕನ ಬೋರ್ಡು ಕೊಪ್ಪಳದಲ್ಲೂ ಇದೆ, ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ. ಅದನ್ನು ಓದಲು ಈಗ ಯಾರಿಗೆ ಬರುತ್ತದೆ? ಪ್ರಾಕೃತ ಹೋಯಿತು, ಕನ್ನಡ ಉಳಿಯಿತು. ನಾನು ಹೇಳುತ್ತಿರುವುದೂ ಅದನ್ನೇ.

‘ಚಾಲೂ’ಗೆ ಇನ್ನೊಂದು ಅರ್ಥ ಇದೆ ಅನ್ನುವುದೂ ನಿಮಗೆ ಗೊತ್ತು. ‘ಅವನು ಭಾರೀ ಚಾಲೂ’ ಅಂದರೆ ಏನು? ‘ಚಾಲೂ ಕಂಪ್ಯೂಟರ್ ಅಂಗಡಿ’ ಅಂತ ಬೋರ್ಡು ಹಾಕಿಸಿ, ಗಿರಾಕಿ ಬಿಲ್ಲು ನೋಡಿ ನಗಲಿ.

ಬಳ್ಳಾರಿಯಿಂದ, 1.30

ಕಾನೂನು ಯಾರಿಗೂ ನೆನಪಿಲ್ಲ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ‘ಸಿಸ್ಟಮ್ ಬೂಟ್ ಪ್ರಾಬ್ಲಮ್’ ಅಂತ ಕನ್ನಡ ಅಕ್ಷರದಲ್ಲಿ ಬರೆದರೆ ಅದು ಕನ್ನಡವಾ? ನನ್ನ ಪ್ರಕಾರ ಅಲ್ಲ.

ಸಿಂಧನೂರಿನಿಂದ, 1.34

‘ಗಣಕಯಂತ್ರವು ಪ್ರಾರಂಭವಾಗುತ್ತಿಲ್ಲ’ ಅನ್ನುವುದು ಕನ್ನಡವಾ? ನನ್ನ ಪ್ರಕಾರ ಅರ್ಜಿ ನಮೂನೆ.

ಗಂಗಾವತಿಯಿಂದ, 2.10

ದಯವಿಟ್ಟು. 6 ಗಂಟೆ.

ಲಿಂಗಸುಗೂರಿನಿಂದ, 3.25

ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಶಾಲೆಯ ಕಂಪ್ಯೂಟರ್ ಕೋಣೆಯನ್ನು ಹನ್ನೊಂದು ವರ್ಷ ನೋಡಿಕೊಂಡವಳು ನಾನು. ಬೋಧಿಸಿದ್ದಕ್ಕಿಂತ ರ‍್ಯಾಮ್ ತಿಕ್ಕಿದ್ದೇ ಜಾಸ್ತಿ. ಹಾಗಾಗಿ ನನಗೂ ಎರಡು ಮಾತಿವೆ.

ಮೊದಲು ಬೂಟು ಹಿಡಿದು ಬಂದ ಆ ತಾಯಿಯ ಪರವಾಗಿ. ಆಕೆ ತಪ್ಪೇನೂ ಮಾಡಲಿಲ್ಲ, ಇದು ಕಾಲಿನ ಬೂಟೇ. ಇಂಗ್ಲಿಷಿನಲ್ಲಿ ಪೂರ್ತಿ ಪದ ಬೂಟ್‌ಸ್ಟ್ರಾಪ್. ಎತ್ತರದ ಬೂಟಿನ ಹಿಂದೆ, ಹಿಡಿದು ಎಳೆದುಕೊಳ್ಳಲು ಒಂದು ಪಟ್ಟಿ ಇರುತ್ತದಲ್ಲ, ಅದು. ಆ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು ಅಂತ ಅವರಲ್ಲಿ ಒಂದು ಮಾತಿತ್ತು, ಆಗದ ಕೆಲಸಕ್ಕೆ. ಕಂಪ್ಯೂಟರಿನವರು 1950ರ ದಶಕದಲ್ಲಿ ಅದನ್ನು ಎತ್ತಿಕೊಂಡರು. ಕಾರಣ ಇದೆ. ಕಂಪ್ಯೂಟರ್ ಏನೇ ಮಾಡಬೇಕಾದರೂ ಒಂದು ಪ್ರೋಗ್ರಾಮ್ ಓಡುತ್ತಿರಬೇಕು. ಆದರೆ ಆ ಪ್ರೋಗ್ರಾಮನ್ನು ಒಳಗೆ ತರಲೂ ಇನ್ನೊಂದು ಪ್ರೋಗ್ರಾಮ್ ಬೇಕು. ಹಾಗಾದರೆ ಮೊದಲನೆಯದನ್ನು ತರುವವರು ಯಾರು? ಅದಕ್ಕೇ ಒಂದು ಪುಟ್ಟ ಪ್ರೋಗ್ರಾಮನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇಟ್ಟಿರುತ್ತಾರೆ. ಅದು ಮೊದಲು ಎದ್ದು, ಮನೆಯವರೆಲ್ಲ ಇದ್ದಾರಾ ಅಂತ ನೋಡಿ, ಆಮೇಲೆ ದೊಡ್ಡವರನ್ನು ಎಬ್ಬಿಸುತ್ತದೆ. ಮೆಮೊರಿ ಸಿಗದಿದ್ದರೆ ಅಲ್ಲೇ ಕೂಗು ಹಾಕುತ್ತದೆ. ಪರದೆಗೆ ಇನ್ನೂ ಜೀವ ಬಂದಿರುವುದಿಲ್ಲ, ಅದಕ್ಕೇ ಬೀಪ್.

ಹಾಗಾಗಿ ಕೊಪ್ಪಳದ ಮೇಷ್ಟ್ರು ಹೇಳಿದ ‘ಏಳು, ಎಬ್ಬಿಸು’ ಸರಿಯಾಗಿದೆ. ಇಂಗ್ಲಿಷಿನ ಬೂಟಿಗಿಂತ ಚೆನ್ನಾಗಿ ಕೂರುತ್ತದೆ. ಎಣ್ಣುಕ ಮಾತ್ರ ಬೇಡ ಮೇಷ್ಟ್ರೇ, ಬೋರ್ಡು ಗಿರಾಕಿಗೆ ಅರ್ಥವಾಗಬೇಕು.

ಇನ್ನೊಂದು. ರಾಯಚೂರಿನವರ ಕಾಗದದಲ್ಲಿ ಚಿನ್ನದಂಥ ಮಾತೊಂದಿತ್ತು. ಎಲ್ಲರೂ ‘ಚಾಲೂ’ ಹಿಡಿದು ಜಗಳಾಡಿದರು, ಅದರ ಪಕ್ಕದ ‘ಆಗವಲ್ದು’ ಯಾರ ಕಣ್ಣಿಗೂ ಬೀಳಲಿಲ್ಲ. ಅದು ‘ಆಗಲ್ಲ’ ಅಲ್ಲ, ‘ಆಗುತ್ತಿಲ್ಲ’ವೂ ಪೂರ್ತಿ ಅಲ್ಲ. ಆಗಲು ಒಲ್ಲದು. ಒಲ್ ಅಂದರೆ ಇಷ್ಟಪಡು, ಒಲವು ಬಂದದ್ದು ಅಲ್ಲಿಂದಲೇ. ಮಳೆ ಬರವಲ್ದು, ಮೋಟರ್ ನೀರು ಎತ್ತವಲ್ದು, ಕರು ಹಾಲು ಕುಡಿಯವಲ್ದು. ಬರಬೇಕಾದ ಮಳೆ, ಎತ್ತಬೇಕಾದ ಮೋಟರು, ನಾವು ಎಷ್ಟು ಮಾಡಿದರೂ ಮನಸ್ಸು ಮಾಡುತ್ತಿಲ್ಲ. ಪೂರ್ತಿ ಸತ್ತ ಮೋಟರಿಗೆ ನಮ್ಮ ಮನೆಯಲ್ಲಿ ‘ಎತ್ತವಲ್ದು’ ಅನ್ನುವುದಿಲ್ಲ, ‘ಸುಟ್ಟೈತಿ’ ಅನ್ನುತ್ತಾರೆ. ಗಂಗಾವತಿಯವರು ಕೇಳಿದ ವ್ಯತ್ಯಾಸ ಅದೇ ಅಲ್ವಾ? ಬಟನ್ ಒತ್ತಿದರೂ ಸುಮ್ಮನಿದ್ದರೆ ‘ಆನ್ ಆಗುತ್ತಿಲ್ಲ’. ಜೀವ ಇದೆ, ಫ್ಯಾನ್ ತಿರುಗುತ್ತಿದೆ, ಗುರುತೂ ಬರುತ್ತದೆ, ಆದರೆ ಮೇಲೇಳಲು ಮನಸ್ಸಿಲ್ಲ ಅಂದರೆ ‘ಏಳವಲ್ದು’.

ಸಾಲದ ಪದದ ಜಗಳಕ್ಕೆ ಒಂದೇ ಮಾತು. ಜನ ‘ಸಿಪಿಯು’ ಹೊತ್ತುಕೊಂಡು ಬರುತ್ತಾರೆ. ನಿಜವಾದ ಸಿಪಿಯು ಅಂಗೈಯಲ್ಲಿ ಹಿಡಿಯುವ ಚಿಪ್ಪು, ಇವರು ಹೊತ್ತು ತರುವುದು ಇಡೀ ಡಬ್ಬಿ. ಹೀಗೆ ಅರ್ಥವನ್ನೇ ಬದಲಿಸಿಕೊಂಡು ಕೂತ ಪದವನ್ನು ಯಾವ ದೇಶಕ್ಕೆ ವಾಪಸು ಕಳಿಸುತ್ತೀರಿ?

ಕೊಪ್ಪಳದಿಂದ, 3.50

‘ಏಳವಲ್ದು’ ಒಪ್ಪಿದೆ. ಬರಹದಲ್ಲಿ ‘ಏಳಲೊಲ್ಲದು’ ಅಂತ ಇರಲಿ. ಬೋರ್ಡು ಅಂದರೆ ಬರಹ.

ರಾಯಚೂರಿನಿಂದ, 3.58

‘ಏಳಲೊಲ್ಲದು’ ಅಂತ ಬೋರ್ಡು ಹಾಕಿದರೆ ಮುಂದೆ ವಚನ ಬರುತ್ತದೆ ಅಂತ ಕಾಯುತ್ತಾ ನಿಲ್ಲುತ್ತಾರೆ.

ಗಂಗಾವತಿಯಿಂದ, 5.35

ಮ್ಯಾಟರ್ ಕಳಿಸಿದೆ. ಮೇಲೆ ದೊಡ್ಡದಾಗಿ: ‘ಕಂಪ್ಯೂಟರ್ ಏಳವಲ್ದೇನ್ರೀ? ಎಬ್ಬಿಸಿ ಕೊಡ್ತೀವಿ.’ ಕೆಳಗೆ ಚಿಕ್ಕದಾಗಿ ‘ಎಲ್ಲ ಕಂಪ್ಯೂಟರ್ ದುರಸ್ತಿ’. ‘ರಿಪೇರಿ’ ಅಂತಿತ್ತು, ರಾಯಚೂರಿನವರ ಪಟ್ಟಿ ನೋಡಿ ಅಪ್ಪನೇ ಬದಲಿಸಿದರು.

ಚೀಟಿಯಲ್ಲಿ ಹೀಗೆ ಹಾಕಿದ್ದೇವೆ: ಆನ್ ಆಗುತ್ತಿಲ್ಲ. ಆನ್ ಆಗಿದೆ, ಪರದೆ ಕಪ್ಪು. ಗುರುತು ಬರುತ್ತದೆ, ಆಮೇಲೆ ಏಳವಲ್ದು. ತಮ್ಮ ನಾಲ್ಕನೆಯದನ್ನೂ ಸೇರಿಸಿದ: ತಾರೀಖು ಹಿಂದಕ್ಕೆ ಹೋಗಿದೆ. ಅದಕ್ಕೆ ಮದರ್‌ಬೋರ್ಡಿನಲ್ಲಿರುವ ಬಿಲ್ಲೆಯಂಥ 3 ವೋಲ್ಟಿನ ಸೆಲ್ಲು ಬದಲಿಸಿದರೆ ಸಾಕಂತೆ, ಸಿಆರ್ 2032. ಅದಕ್ಕೆ ಕನ್ನಡ ಪದ ನಾನು ಕೇಳಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.

ಬಳ್ಳಾರಿಯಿಂದ, 5.48

ಆಡುಮಾತನ್ನು ನಾಮಫಲಕಕ್ಕೆ ಏರಿಸಿದ್ದಕ್ಕೆ ನನ್ನ ವಿರೋಧ ದಾಖಲಾಗಲಿ. ಮೈಸೂರಿನವರು ಬಂದರೆ ಅರ್ಥವಾಗುವುದಿಲ್ಲ.

ಸಿಂಧನೂರಿನಿಂದ, 5.50

ಕಂಪ್ಯೂಟರ್ ಹೊತ್ತುಕೊಂಡು ಮೈಸೂರಿನಿಂದ ಗಂಗಾವತಿಗೆ ಯಾರು ಬರುತ್ತಾರೆ ಸರ್?

ಗಂಗಾವತಿಯಿಂದ, ಮಂಗಳವಾರ ಬೆಳಿಗ್ಗೆ 11.00

ಬೋರ್ಡು ಏರಿದೆ. ನಿನ್ನೆ ಮೊದಲು ಬಂದವರು ಗಿರಣಿ ಲೆಕ್ಕ ಬರೆಯುವವರು. ಬೋರ್ಡು ನೋಡಿ, ‘ನಮ್ದೂ ಏಳವಲ್ದು ನೋಡ್ರಿ’ ಅಂದರಂತೆ. ಬಿಚ್ಚಿದರೆ ಒಳಗೆ ತೌಡಿನ ಧೂಳು ಒಂದು ಹಿಡಿ. ಊದಿ, ರ‍್ಯಾಮ್ ತಿಕ್ಕಿ ಹಾಕಿದ. ಎದ್ದಿತು. ಚೀಟಿಯಲ್ಲಿ ಅವರು ಗುರುತು ಹಾಕಿದ್ದು ಮಾತ್ರ ಮೂರನೆಯದಕ್ಕೆ. ನಿಜವಾಗಿ ಅದು ಎರಡನೆಯದು, ಪರದೆ ಕಪ್ಪಿತ್ತು. ‘ಏಳವಲ್ದು’ ಕಂಡ ಕೂಡಲೇ ಎಲ್ಲರೂ ಅದಕ್ಕೇ ಗುರುತು ಹಾಕುತ್ತಿದ್ದಾರೆ ಅಂತ ತಮ್ಮ ಗೊಣಗುತ್ತಿದ್ದಾನೆ.

ಇನ್ನೊಂದು ಉಳಿಯಿತು. ‘ಹ್ಯಾಂಗ್ ಆಗಿದೆ’ ಅನ್ನುವುದಕ್ಕೆ ಏನಂತೀರಿ? ಚೀಟಿ ಎರಡನೇ ಸಲ ಅಚ್ಚಿಗೆ ಹೋಗುವುದು ಗುರುವಾರ.

ಕೊಪ್ಪಳದಿಂದ, 11.20

ಬೇರೆ ವಿಷಯ, ಬೇರೆ ಕಾಗದ ಬರೆಯಿರಿ. ‘ನೇತಾಡು’ ಅಂತ ಮಾತ್ರ ಯಾರೂ ಶುರು ಮಾಡಬೇಡಿ.