ಅಪ್‌ಡೇಟ್: ಲಿಂಕ್ಸ್ ಬ್ರೌಸರ್‌ನಲ್ಲಿ ಕನ್ನಡ ಈಗ ಸರಿಯಾಗಿ ಬರುತ್ತಿದೆ

ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಬರೀ ಪಠ್ಯ ತೋರಿಸುವ ಬ್ರೌಸರ್ ಲಿಂಕ್ಸ್ ತೆರೆದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಕಾಣುತ್ತವೆ ಎಂದು ಕೇಳಿದ್ದೆ. ಸಮಸ್ಯೆ ಬಗೆಹರಿಯಿತು, ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ತಪ್ಪು ಇದ್ದದ್ದು ಡಿಸ್‌ಪ್ಲೇ ಕ್ಯಾರೆಕ್ಟರ್ ಸೆಟ್‌ನಲ್ಲಿ, ಅಂದರೆ ತೆರೆಯ ಮೇಲೆ ಅಕ್ಷರ ತೋರಿಸಲು ಬಳಸುವ ಸಂಕೇತ ಪದ್ಧತಿಯಲ್ಲಿ. ಇಂಗ್ಲಿಷಿನ ಸಣ್ಣಕ್ಷರದ 'ಓ' ಕೀ ಒತ್ತಿದರೆ ಆಯ್ಕೆಗಳ ಪುಟ ಬರುತ್ತದೆ; ಅಲ್ಲಿ ಕನ್ನಡವೂ ಸೇರಿದ ಸಂಕೇತ ಪದ್ಧತಿಯಾದ ಯುಟಿಎಫ್-8 ಆರಿಸಬೇಕು. ಮೇಲ್ಗಡೆ ಇರುವ 'ಸೇವ್ ಆಪ್ಷನ್ಸ್ ಟು ಡಿಸ್ಕ್' ಚೌಕಕ್ಕೆ ಗುರುತು ಹಾಕಿಯೇ 'ಆಕ್ಸೆಪ್ಟ್ ಚೇಂಜಸ್' ಒತ್ತಿ. ಗುರುತು ಮರೆತರೆ ಬ್ರೌಸರ್ ಮುಚ್ಚಿದ ಕೂಡಲೇ ಬದಲಾವಣೆ ಹೋಗುತ್ತದೆ. ಸಿಸ್ಟಮ್‌ನ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಕೂಡ ಯುಟಿಎಫ್-8 ಆಗಿರಬೇಕು. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ 'ಲೊಕೇಲ್' (locale) ಎಂದು ಟೈಪ್ ಮಾಡಿ ನೋಡಿಕೊಳ್ಳಿ.

ಆಮೇಲೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಅದು ಲಿಂಕ್ಸ್‌ನ ದೋಷವಲ್ಲ. ಎಕ್ಸ್‌ಟರ್ಮ್‌ನಂಥ ಟರ್ಮಿನಲ್‌ಗಳು ಅಕ್ಷರ ಜೋಡಿಸುವುದಿಲ್ಲ, 'ಕ್ಷ' ಒಡೆದೇ ಕಾಣುತ್ತದೆ. ಉದ್ದನೆಯ ಬರಹವಾದರೆ ಲಿಂಕ್ಸ್ ಆದೇಶದ ಜೊತೆ 'ಡಂಪ್' (-dump) ಆಯ್ಕೆ ಕೊಟ್ಟು ಪಠ್ಯವನ್ನು ಫೈಲಿಗೆ ತಿರುಗಿಸಿ, ಒಳ್ಳೆಯ ಎಡಿಟರ್‌ನಲ್ಲಿ ಓದುವುದೇ ಮೇಲು. ಜೊತೆಗೆ 'ನೋಲಿಸ್ಟ್' (-nolist) ಸೇರಿಸಿದರೆ ಕೊನೆಯ ಕೊಂಡಿಗಳ ಪಟ್ಟಿ ಬರುವುದಿಲ್ಲ.

ಕೋಷ್ಟಕಗಳಿಗೆ ಮಾತ್ರ ಇಂಥದ್ದೇ ಇನ್ನೊಂದು ಪಠ್ಯ ಬ್ರೌಸರ್ ಡಬ್ಲ್ಯು3ಎಂ (w3m) ಬಳಸಿ, ಕಾಲಂಗಳು ಸಾಲಾಗಿ ನಿಲ್ಲುತ್ತವೆ. ಜಾವಾಸ್ಕ್ರಿಪ್ಟ್ ಇಲ್ಲದೆ ತೆರೆಯದ ಪುಟಗಳು ಎರಡರಲ್ಲೂ ಖಾಲಿಯೇ.